ಸತ್ತ ಸರದಿ

ಹದಿನಾರು ದಿನ ಬಿಡದೆ ಬೀಸಿದ ಕಚ್ಚಾನ್ ಗಾಳಿ ಆ ಗುರುವಾರ ನಸುಕಿನಲ್ಲಿ ನಿಂತುಹೋಗಿತ್ತು. ಪಡುವಣದ ಗಾಳಿ ಅದು. ಒಳನಾಡಿನ ವನ್ನಿ ಕಾಡಿನ ಬಿಸಿಯನ್ನೆಲ್ಲ ಹೊತ್ತು ತಂದು ನಮ್ಮ ಗುಡಿಸಲುಗಳ ಮೇಲೆ ಕೊಡವಿ ಕಡಲಿನ ಕಡೆ ಹೋಗುತ್ತದೆ. ಅದು ಬೀಸುವಷ್ಟು ದಿನ ಚಾಪೆಯಲ್ಲಿ ಮರಳು, ಅನ್ನದಲ್ಲಿ ಮರಳು, ಇಗರ್ಜಿಯ ಪವಿತ್ರ ಜಲದ ಬಟ್ಟಲಲ್ಲೂ ಮರಳು. ಗಂಟೆ ಹೊಡೆಯಲು ನಾನು ಎದ್ದು ಬಂದಾಗ ತಾಳೆಮರದ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ಗಾಳಿಯ ಸದ್ದಿಗೆ ಒಗ್ಗಿಹೋಗಿದ್ದ ಕಿವಿಗೆ ಆ ಮೌನವೇ ಯಾರೋ ಕರೆದ ಹಾಗೆ ಕೇಳಿಸಿತು. ಶಿಲುಬೆಯ ಗುರುತು ಹಾಕಿಕೊಂಡು ಕಡಲಿನ ಕಡೆ ತಿರುಗಿ ನೋಡಿದೆ. ದಡದಿಂದ ಕೂಗಳತೆಯಲ್ಲಿ, ಬಿಳಿ ಹಕ್ಕಿಗಳು ಒಂದರ ಮೇಲೊಂದು ನೀರಿಗೆ ಬೀಳುತ್ತಿದ್ದವು.

ನಾನು ತಾಳಂತುರೈಯ ಸಂತ ಅಂತೋನಿಯಾರ್ ಇಗರ್ಜಿಯ ಮೂಪ್ಪ. ಗಂಟೆ ಹೊಡೆಯುವುದು, ದೀಪ ಹಚ್ಚುವುದು, ಪಾದ್ರಿಗಳು ಬರಲಾಗದ ಭಾನುವಾರ ಜಪ ಹೇಳಿಸುವುದು ನನ್ನ ಕೆಲಸ. ಇದರ ಜೊತೆಗೆ ದಡದ ಸರದಿಯ ಹಲಗೆಗಳೂ ಅಪ್ಪನ ಕಾಲದಿಂದ ನಮ್ಮ ಮನೆಯವರ ಕೈಯಲ್ಲಿವೆ. ದೋಣಿಯಲ್ಲಿ ಸುತ್ತು ಬಿಟ್ಟು ಎರಡು ತುದಿಯ ಹಗ್ಗವನ್ನು ದಡದಿಂದ ಎಳೆಯುವ ರಂಪಣಿ ಬಲೆಗೆ ನಮ್ಮ ದಡದಲ್ಲಿ ಇರುವ ಜಾಗ ಒಂದೇ. ಅದರ ಆಚೆಗೂ ಈಚೆಗೂ ನೀರಿನೊಳಗೆ ಬಂಡೆ. ಬಲೆಗಳು ಮೂರು. ಹಾಗಾಗಿ ದಿನಕ್ಕೊಂದು ಬಲೆ, ಮೂರು ದಿನಕ್ಕೊಮ್ಮೆ ಸರದಿ. ಬಲೆಗೊಂದರಂತೆ ಅಂಗೈಯಗಲದ ಬೇವಿನ ಹಲಗೆ ಇಗರ್ಜಿಯ ಗೋಡೆಯಲ್ಲಿ ತೂಗುತ್ತದೆ. ಯಾರ ದಿನವೋ ಅವರ ಹಲಗೆಯನ್ನು ನಾನು ದಡಕ್ಕೆ ಒಯ್ದು ಕೊಡುತ್ತೇನೆ. ಹಲಗೆ ಯಾರ ಕೈಯಲ್ಲಿದೆಯೋ ಆ ದಿನದ ಕಡಲು ಅವರದು.

ಸರದಿಯನ್ನು ಸಾಲ ಕೊಡುವುದೂ ಉಂಟು. ಅದಕ್ಕೆ ಕಾಗದ ಬೇಡ. ಹಗ್ಗ ಮುಟ್ಟಿ ಹೇಳಿದರೆ ಆಯಿತು, ಮೂಪ್ಪ ಕೇಳಿಸಿಕೊಂಡರೆ ಆಯಿತು. ಇಸಕೊಂಡವರು ತಮ್ಮ ಮುಂದಿನ ಸರದಿಯ ಹಲಗೆಯನ್ನು ತಾವಾಗಿಯೇ ಒಯ್ದು ಕೊಡಬೇಕು; ಕೊಟ್ಟವರು ಬಾಯಿಬಿಟ್ಟು ಕೇಳುವಂತಿಲ್ಲ. ಆ ದಿನ ಗಾಳಿಯಿಂದ ಕಡಲು ಮುಚ್ಚಿದ್ದರೆ ಅದನ್ನು ಸತ್ತ ಸರದಿ ಅನ್ನುತ್ತೇವೆ. ಸತ್ತ ಸರದಿಯಿಂದ ಸಾಲ ತೀರುವುದಿಲ್ಲ.

ಆ ಗುರುವಾರ ಸರದಿ ಊರ ಬಲೆಯದು. ಆ ಬಲೆಯ ತಲೆಯ ಮೇಲೆ ಒಂದು ಸಾಲವಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಊರ ಬಲೆ ಎಂದರೆ ಲೂರ್ದಮ್ಮ ಕಟ್ಟಿಸಿದ ಬಲೆ. ದೇಶ ದಿವಾಳಿಯಾಯಿತೆಂದು ರೇಡಿಯೋ ಹೇಳುವ ಮೊದಲೇ ನಮಗದು ತಿಳಿದಿತ್ತು. ಸೀಮೆಎಣ್ಣೆ ನಿಂತು ದೋಣಿಯ ಇಂಜಿನ್‌ಗಳು ಮನೆಯ ಮೂಲೆ ಸೇರಿದ್ದವು. ಕೆಂಪಕ್ಕಿ ಕೊಳ್ಳುವ ಹಾಗಿರಲಿಲ್ಲ, ಹಾಲಿನ ಪುಡಿಯನ್ನು ಕಣ್ಣಲ್ಲಿ ಕಂಡು ತಿಂಗಳಾಗಿತ್ತು. ಆಗ ಈ ಐವತ್ತೆಂಟರ ವಿಧವೆ ಮನೆಮನೆಗೆ ಹೋಗಿ ಯುದ್ಧದ ನಂತರ ಪರಿಹಾರವಾಗಿ ಸಿಕ್ಕಿದ್ದ ಹರಕು ಬಲೆಯ ತುಂಡುಗಳನ್ನು ಬೇಡಿ ತಂದಳು. ಉಪವಾಸದ ತಪಸ್ಸಿನ ಕಾಲದ ನಲವತ್ತು ದಿನವೂ ಮೂವತ್ತೊಂದು ಮನೆಯ ಹೆಂಗಸರು ಇಗರ್ಜಿಯ ಜಗಲಿಯಲ್ಲಿ ಕೂತು ಅವನ್ನು ಒಂದಕ್ಕೊಂದು ಹೆಣೆದರು. ಗಂಡಸರು ತೆಂಗಿನ ನಾರಿನ ಹಗ್ಗ ಹೊಸೆದರು. ಹಳೆಯ ರಬ್ಬರ್ ಚಪ್ಪಲಿಗಳನ್ನು ಕತ್ತರಿಸಿ ತೇಲುಬಿಲ್ಲೆ ಮಾಡಿದರು. ಮೀನುಗಾರರ ಸಂಘ ಆ ಬಲೆಗೂ ಒಂದು ಸರದಿ ಕೊಟ್ಟಿತು.

ಬಲೆಯ ಬೆನ್ನಿಗೇ ಒಲೆ ಬಂತು. ಇಗರ್ಜಿಯ ಹಿಂದೆ, ದೊಡ್ಡ ಹಂಡೆಯಲ್ಲಿ, ತಾಳೆಗೆಡ್ಡೆಯ ಹಿಟ್ಟು, ನುಗ್ಗೆಸೊಪ್ಪು, ಮೀನು ಹಾಕಿ ಕುದಿಸಿದ ಕೂಳು. ಮಧ್ಯಾಹ್ನ ಊರಿನ ಮಕ್ಕಳು, ಮುದುಕರು, ಬಸುರಿಯರು ಎಲ್ಲರಿಗೂ ಒಂದೊಂದು ಬಟ್ಟಲು. ಅಂತೋನಿಯಾರ್ ಹಬ್ಬದ ದಿನ ಶುರುವಾದ ಆ ಒಲೆ ಒಂದು ಮಧ್ಯಾಹ್ನವೂ ತಪ್ಪಿರಲಿಲ್ಲ.

ಆ ಒಲೆ ಆರಬಾರದು ಎನ್ನಲು ಲೂರ್ದಮ್ಮನಿಗೆ ಇನ್ನೊಂದು ಕಾರಣವೂ ಇತ್ತು. ಮಗಳು ನಿರೋಜಿನಿ, ಎರಡು ವರ್ಷದ ಕೂಸಿನ ತಾಯಿ, ಹೋಗುತ್ತೇನೆಂದು ಕೂತಿದ್ದಳು. ಅವಳ ಗಂಡ ಕೊಲಂಬೊದಲ್ಲಿ ಗಾರೆ ಕೆಲಸ ಮಾಡುತ್ತಿದ್ದವನು, ಸಿಮೆಂಟ್ ನಿಂತ ಮೇಲೆ ಏಪ್ರಿಲ್‌ನಲ್ಲಿ ಮನ್ನಾರಿನಿಂದ ಕಳ್ಳದೋಣಿ ಹತ್ತಿ ರಾಮೇಶ್ವರದ ಕಡೆ ದಾಟಿ ಅಲ್ಲಿನ ಶಿಬಿರ ಸೇರಿದ್ದ. ಕೂಸನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದ. ಆ ದೋಣಿಗಳವರು ನಡುನೀರಿನ ಮರಳುದಿಬ್ಬದ ಮೇಲೆ ಜನರನ್ನು ಇಳಿಸಿ ಹಿಂದಿರುಗುತ್ತಾರೆ ಎಂಬ ಸುದ್ದಿ ನಮ್ಮೂರಿಗೂ ಬಂದಿತ್ತು. ಲೂರ್ದಮ್ಮ ಒಮ್ಮೆ ಹೀಗೆಯೇ ನೀರು ದಾಟಿದವಳು. ಯುದ್ಧದ ಕೊನೆಯ ವಾರ, ಎದೆಮಟ್ಟದ ಹಿನ್ನೀರಿನಲ್ಲಿ, ಇದೇ ನಿರೋಜಿನಿಯನ್ನು ಹೆಗಲ ಮೇಲೆ ಹೊತ್ತು. ಆಚೆ ದಡದಲ್ಲಿ ತಿರುಗಿ ನೋಡಿದಾಗ ಗಂಡ ಹಿಂದೆ ಇರಲಿಲ್ಲ.

"ಅಮ್ಮಾ, ನಿನ್ನ ಒಲೆ ಉರಿಯೋವರೆಗೂ ಇರ್ತೀನಿ" ಎಂದಿದ್ದಳು ನಿರೋಜಿನಿ. ನನ್ನ ಎದುರಿಗೇ ಹೇಳಿದ್ದು. "ಒಂದು ದಿನ ಅದು ಆರ್ತು ಅಂದ್ರೆ, ಆವತ್ತು ನನ್ನ ತಡೀಬೇಡ. ಮಗೂಗೆ ಮರಳು ತಿನ್ನಿಸೋಕಾಗಲ್ಲ."

ಇನ್ನು ಸಾಲದ ವಿಷಯ. ಒಲೆ ಶುರುಮಾಡಬೇಕೆಂದಿದ್ದ ಅಂತೋನಿಯಾರ್ ಹಬ್ಬದ ದಿನ ಸರದಿ ಸೂಸೈಪಿಳ್ಳೆಯದು. ಅವನು ಬಲೆಯ ಒಡೆಯ. ಅಂಥವರನ್ನು ನಾವು ಸಮ್ಮಾಟಿ ಅನ್ನುತ್ತೇವೆ. ಒಂಬತ್ತು ವರ್ಷದ ಹಿಂದೆ ಬಲೆ ಎಳೆಯಲು ಟ್ರ್ಯಾಕ್ಟರ್ ತಂದು, ತನ್ನ ಹಗ್ಗ ಎಳೆಯುತ್ತಿದ್ದ ನಲವತ್ತು ಜನರಲ್ಲಿ ಮೂವತ್ತೆರಡು ಜನರನ್ನು ಮನೆಗೆ ಕಳಿಸಿದವನು. ಅವರಲ್ಲಿ ಲೂರ್ದಮ್ಮನೂ ಒಬ್ಬಳು. ಈಗ ಡೀಸೆಲ್ ಇಲ್ಲದೆ ಅವನ ಟ್ರ್ಯಾಕ್ಟರ್ ಮರಳಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಕಳಿಸಿದವರನ್ನು ವಾಪಸ್ ಕರೆಯಲು ಅವನಿಗೆ ಮುಖವಿರಲಿಲ್ಲ. ಲೂರ್ದಮ್ಮ ನನ್ನನ್ನು ಕರೆದುಕೊಂಡು ಅವನ ಬಳಿ ಹೋಗಿ ಸರದಿ ಕೇಳಿದಳು. ಅವನು ಹಗ್ಗದ ಸುರುಳಿಯ ಮೇಲೆ ಕೂತಿದ್ದ. "ತಗೊಂಡು ಹೋಗಮ್ಮ, ನಾನು ಇಟ್ಕೊಂಡು ಏನು ಮಾಡ್ಲಿ" ಎಂದು ಹಗ್ಗದ ಮೇಲೆ ಕೈಯಿಟ್ಟ. ಆ ದಿನ ಒಂಬತ್ತು ಬುಟ್ಟಿ ಮೀನು ಬಿತ್ತು. ಮರುದಿನವೇ ಗಾಳಿ ಎದ್ದಿತು. ಇಂಜಿನ್ ಇಲ್ಲದೆ ಹುಟ್ಟು ಹಾಕುವ ದೋಣಿ ಕಚ್ಚಾನ್‌ಗೆ ಸಿಕ್ಕರೆ ಹಿಂದಕ್ಕೆ ಬರುವುದಿಲ್ಲ. ಹಬ್ಬದ ಮೀನನ್ನು ಒಣಗಿಸಿಟ್ಟು, ದಿನಕ್ಕಿಷ್ಟು ಎಂದು ಹಂಡೆಗೆ ಹಾಕುತ್ತ ಬಂದರು. ಬುಧವಾರ ಬುಟ್ಟಿಯ ತಳ ಕಂಡಿತ್ತು.

ನಾನು ಗಂಟೆಯ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಎಮಿಲಿಯಾನ್ ಓಡಿ ಬಂದ. ಹಗ್ಗ ಎಳೆಯುವಾಗ ಹಾಡು ಹೇಳಿಕೊಡುವವನು ಅವನೇ. ಮುಂದಿನ ನಾಲ್ಕು ಹಲ್ಲಿಲ್ಲ, ಆದರೂ ಅವನ ದನಿ ಉತ್ತರದ ಹಗ್ಗದಿಂದ ದಕ್ಷಿಣದ ಹಗ್ಗಕ್ಕೆ ಕೇಳಿಸುತ್ತದೆ.

"ಮೂಪ್ಪರೇ, ಗಂಟೆ ಆಮೇಲೆ ಹೊಡೀರಿ. ಕಡಲು ನೋಡಿದ್ರಾ?"

"ನೋಡ್ದೆ. ಹಕ್ಕಿ ಬಿದ್ದಿವೆ."

"ಹಕ್ಕಿ ಅಂತೀರಲ್ಲ! ಬೂತಾಯಿ ಕಣ್ರೀ, ನೀರು ಕಪ್ಪಗಾಗಿದೆ. ಅಷ್ಟು ಮೀನು ಬಾಗಿಲಿಗೇ ಬಂದು 'ಮನೇಲಿ ಯಾರಿದೀರಿ' ಅಂತ ಕೇಳ್ತಿದೆ. ಇವತ್ತು ಯಾರ ಸರದಿ, ಹೇಳಿ ನೋಡೋಣ?"

"ಊರ ಬಲೇದು."

"ಅಷ್ಟೇ. ಅದರ ಮುಂದೆ ಒಂದಕ್ಷರ ಬೇಡ." ಅವನು ದನಿ ತಗ್ಗಿಸಿದ. "ಸೂಸೈ ಊರಲ್ಲಿಲ್ಲ. ಮೂರು ದಿನದಿಂದ ಡೀಸೆಲ್ ಕ್ಯೂನಲ್ಲಿ ಮಲಗಿದಾನೆ. ಆವತ್ತಿನ ಮಾತಿಗೆ ಸಾಕ್ಷಿ ನೀವೊಬ್ರೇ. ಅಂತೋನಿಯಾರ್ ಕೇಳಿದ್ರೆ ನನ್ನ ಹೆಸರು ಹೇಳಿ."

ನಾನು ಬೇಡವೆನ್ನಲಿಲ್ಲ. ಈ ಮಾತನ್ನು ಪಾಪನಿವೇದನೆಯಲ್ಲಿ ಪಾದ್ರಿಗಳ ಮುಂದೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಬಟ್ಟಲು ಹಿಡಿದು ಕೂರುವ ಮಕ್ಕಳ ಸಾಲು. ನನ್ನ ಹೊಟ್ಟೆಯೂ ಆ ಸಾಲಿನಲ್ಲೇ ಕೂರುತ್ತಿತ್ತು. ಊರ ಬಲೆಯ ಹಲಗೆಯನ್ನು ಮೊಳೆಯಿಂದ ತೆಗೆದು, ಬಾಯಿ ಮುಚ್ಚಿಕೊಂಡು ಅವನ ಹಿಂದೆ ನಡೆದೆ.

ದಡದಲ್ಲಿ ಆಗಲೇ ಊರು ಸೇರಿತ್ತು. ದೋಣಿಯನ್ನು ನೀರಿನ ಅಂಚಿಗೆ ತಳ್ಳಿದ್ದರು, ಬಲೆಯನ್ನು ಮಡಚಿ ಒಳಗಿಟ್ಟಿದ್ದರು. ಹುಡುಗಿಯರು, ಗಂಡಸರು, ಸೆರಗು ಬಿಗಿದ ಮುದುಕಿಯರು ಹಗ್ಗ ಹಿಡಿದು ನಿಂತಿದ್ದರು. ನಿರೋಜಿನಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದಿದ್ದಳು. ಅವಳು ನಗುತ್ತಿದ್ದುದನ್ನು ನಾನು ಕಂಡು ಎಷ್ಟೋ ದಿನವಾಗಿತ್ತು.

ಲೂರ್ದಮ್ಮ ಹಂಡೆ ತೊಳೆದ ಕೈಯನ್ನು ಸೀರೆಗೆ ಒರೆಸುತ್ತ ಬಂದಳು. ಹಲಗೆ ನೋಡಿದಳು, ನನ್ನ ಮುಖ ನೋಡಿದಳು.

"ಅಣ್ಣಾ, ಇವತ್ತು ಸರದಿ ಯಾರಿಗೆ ಹೋಗ್ಬೇಕು?"

ನಾನು ಕಡಲಿನ ಕಡೆ ನೋಡಿದೆ.

"ಅವರನ್ನ್ಯಾಕೆ ಕೇಳ್ತೀಯಕ್ಕಾ?" ಎಮಿಲಿಯಾನ್ ನಡುವೆ ಬಂದ. "ಹಲಗೆ ಮೇಲೆ ನಮ್ಮ ಬಲೆ ಗುರುತಿದೆ. ಕಣ್ಣು ಕಾಣಲ್ವಾ?"

"ಗುರುತು ಕಾಣುತ್ತೆ. ಹಬ್ಬದ ದಿನ ಇಸಕೊಂಡಿದ್ದೂ ಕಾಣುತ್ತೆ."

"ಅವನು 'ತಗೊಂಡು ಹೋಗು' ಅಂದ. 'ಸಾಲ' ಅಂದ್ನಾ?"

"ಹಗ್ಗ ಮುಟ್ಟಿ ಹೇಳ್ದ."

"ಕೂತಿದ್ದೇ ಹಗ್ಗದ ಮೇಲೆ! ಕೈ ಇನ್ನೆಲ್ಲಿಡ್ತಾನೆ, ನನ್ನ ತಲೆ ಮೇಲಾ?"

ಜನ ನಕ್ಕರು. ಲೂರ್ದಮ್ಮನೂ ನಕ್ಕಳು, ಆದರೆ ದೋಣಿಗೂ ಹಲಗೆಗೂ ನಡುವೆ ನಿಂತ ಜಾಗದಿಂದ ಕದಲಲಿಲ್ಲ. ಆಗ ಹಂಡೆ ಕಾಯುವ ಪಾಕ್ಯಂ ಹೇಳಿದಳು, "ಅಕ್ಕಾ, ಸೋಮವಾರ ನಮ್ಮ ಸರದೀನ ಅವನಿಗೇ ಬಿಟ್ಟಿದ್ವಲ್ಲ. ಬರಲಿಲ್ಲ ಅವನು. ಅಲ್ಲಿಗೆ ತೀರ್ತು."

"ಸೋಮವಾರ ಮನೆ ಮೇಲಿನ ಗರಿ ಹಾರಿಹೋಗ್ತಿತ್ತು. ಸತ್ತ ಸರದಿ ಕೊಟ್ಟು ಸಾಲ ತೀರ್ತು ಅನ್ನೋಕೆ ನಿನಗೆ ಬಾಯಿ ಬರುತ್ತಾ ಪಾಕ್ಯಂ?"

"ಮಧ್ಯಾಹ್ನ ನಿನ್ನ ಮೊಮ್ಮಗು ಬಟ್ಟಲು ಹಿಡ್ಕೊಂಡು ಬಂದಾಗ ಏನನ್ಲಿ? ಅದಕ್ಕೂ ನನಗೆ ಬಾಯಿ ಬರಲ್ಲ."

ಯಾರೂ ನಗಲಿಲ್ಲ. ದೋಣಿಯಲ್ಲಿ ಹುಟ್ಟು ಹಿಡಿದು ನಿಂತಿದ್ದ ಡಿಲಕ್ಷನ್ ಅಲ್ಲಿಂದಲೇ ಕೂಗಿದ, "ಅತ್ತೇ, ದೇಶಕ್ಕೆ ದೇಶವೇ ಸಾಲ ತೀರಿಸಲ್ಲ ಅಂತ ಕೈ ಎತ್ತಿದೆ. ನಾವೇ ಸಿಕ್ಕಿದ್ವಾ ದೇವರಿಗೆ?"

"ದೇಶಕ್ಕೆ ಇನ್ನೊಂದು ದೇಶ ಕೊಡುತ್ತೆ ಕಣೋ. ಗಾಳಿಗೆ ಸಿಕ್ಕು ನಾಳೆ ನಮ್ಮ ಒಲೆ ನಿಂತ್ರೆ, ಯಾರ ಹತ್ರ ಸರದಿ ಕೇಳ್ಲಿ?" ಅವಳು ದೋಣಿಯೊಳಗಿನ ಬಲೆಯನ್ನು ತೋರಿಸಿದಳು. "ಇದ್ರಲ್ಲಿ ಒಂದು ಕಣ್ಣಾದ್ರೂ ನಾನು ಕೊಂಡು ತಂದಿದ್ದಿದೆಯಾ? ಆ ತುಂಡು ಪಾಕ್ಯಂದು, ಅದು ನಿಮ್ಮಜ್ಜಂದು. ವಾಪಸ್ ಕೊಡ್ತಾಳೆ ಅನ್ನೋ ನಂಬಿಕೆ ಮೇಲೆ ತಾನೇ ಎಲ್ರೂ ಕೊಟ್ಟಿದ್ದು?"

"ಅವನು ಆವತ್ತು ನಮ್ಮನ್ನ ಮನೆಗೆ ಕಳಿಸ್ದಾಗ ಎಲ್ಲಿತ್ತಕ್ಕಾ ಈ ನಂಬಿಕೆ?" ಎಮಿಲಿಯಾನ್‌ನ ದನಿಯಲ್ಲಿ ಈಗ ಆಟವಿರಲಿಲ್ಲ. "ಒಂಬತ್ತು ವರ್ಷ. ನನ್ನ ಗಂಟಲು ತುಕ್ಕು ಹಿಡೀತು."

ಹಕ್ಕಿಗಳು ಸ್ವಲ್ಪ ದಕ್ಷಿಣಕ್ಕೆ ಸರಿದಿದ್ದವು. ಹಿಂಡು ನಮ್ಮ ಜಾಗ ದಾಟಿ ಬಂಡೆಯ ಕಡೆ ಹೋದರೆ ಯಾರಿಗೂ ಸಿಗುವುದಿಲ್ಲ. ಲೂರ್ದಮ್ಮ ಮಗಳ ಕಡೆ ನೋಡಿದಳು. ಅವಳ ಮುಖದ ನಗು ಹೋಗಿತ್ತು. ಕೂಸು ಅವಳ ಕೊರಳ ಜಪಸರವನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು.

ಅಷ್ಟರಲ್ಲಿ ಯಾರೋ "ಸಮ್ಮಾಟಿ ಬಂದ" ಅಂದರು.

ಸೂಸೈಪಿಳ್ಳೆ ಸೈಕಲ್ ತಳ್ಳಿಕೊಂಡು ಮರಳಿನಲ್ಲಿ ಬರುತ್ತಿದ್ದ. ಮೂರು ದಿನದ ಗಡ್ಡ, ಮಸಿ ಹಿಡಿದ ಅಂಗಿ. ಹಿಂದಿನ ಕ್ಯಾರಿಯರ್‌ಗೆ ಒಂದು ಹಳದಿ ಕ್ಯಾನು ಕಟ್ಟಿತ್ತು. ಕ್ಯಾನಿನೊಳಗೆ ಏನೋ ಅಲುಗುವ ಸದ್ದು ಕೇಳಿದಾಗ ಎಲ್ಲರಿಗೂ ತಿಳಿಯಿತು, ಅವನಿಗೆ ಡೀಸೆಲ್ ಸಿಕ್ಕಿದೆ. ಐದು ಲೀಟರ್ ಇದ್ದರೆ ಒಂದು ಸಲ ಬಲೆ ಎಳೆಯಲು ಸಾಕು. ಟ್ರ್ಯಾಕ್ಟರ್ ಇದ್ದರೆ ಎಂಟು ಜನ ಸಾಕು. ಉಳಿದ ಕೈಗಳಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕೈಗೆ ಪಾಲೂ ಇಲ್ಲ. ಎಮಿಲಿಯಾನ್ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ.

ಸೂಸೈ ಸೈಕಲನ್ನು ಟ್ರ್ಯಾಕ್ಟರಿಗೆ ಒರಗಿಸಿ ಹಕ್ಕಿಗಳನ್ನು ನೋಡಿದ. ಕಡಲಲ್ಲೇ ಮುದುಕನಾದವನು, ನೀರಿನ ಬಣ್ಣ ಏನು ಹೇಳುತ್ತಿದೆಯೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಕಣ್ಣು ಅರಳಿದ್ದು, ಮತ್ತೆ ಮುಚ್ಚಿಕೊಂಡದ್ದು, ಎರಡೂ ನನಗೆ ಕಂಡವು. ಆಮೇಲೆ ನಮ್ಮ ದೋಣಿ ನೋಡಿ, ನನ್ನ ಕೈಯ ಹಲಗೆ ನೋಡಿ, ಕೂಗಿ ಹೇಳಿದ:

"ಏನ್ರೋ ಬಾಯಿ ಬಿಟ್ಕೊಂಡು ನಿಂತಿದೀರಿ? ಹಿಂಡು ಜಾರ್ತಿದೆ. ಬಲೆ ಬಿಡ್ರೋ!"

ಸಾಲ ಮರೆತು ಹಾಗಂದನೋ, ಬಾಯಿಬಿಟ್ಟು ಕೇಳುವಂತಿಲ್ಲವೆಂದು ಹಾಗಂದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿ, ಅವನು ಟ್ರ್ಯಾಕ್ಟರಿನ ನೆರಳಲ್ಲಿ ಮರಳಿನ ಮೇಲೆ ಕುಸಿದು ಕೂತ. ಸಾಲಿನಲ್ಲಿ ನಿಂತೂ ನಿಂತೂ ಊದಿದ ಕಾಲನ್ನು ಎರಡು ಕೈಯಲ್ಲೂ ಹಿಡಿದು ಒತ್ತಿಕೊಳ್ಳತೊಡಗಿದ.

"ಕೇಳಿದ್ಯಾ ಅಕ್ಕಾ?" ಎಮಿಲಿಯಾನ್ ಪಿಸುಗುಟ್ಟಿದ. "ಅವನ ಬಾಯಲ್ಲೇ ಬಂತು. ಇನ್ನು ಅಂತೋನಿಯಾರೂ ಏನನ್ನೋಹಾಗಿಲ್ಲ. ಹಾಡು ಶುರು ಮಾಡ್ಲಾ?"

ಹಗ್ಗ ಹಿಡಿದಿದ್ದವರೆಲ್ಲ ಕಾಲು ಊರಿ ನಿಂತರು. ಡಿಲಕ್ಷನ್ ಹುಟ್ಟನ್ನು ನೀರಿಗೆ ಇಳಿಸಿದ.

ಅನುದಿನದ ಆಹಾರವನ್ನು ನಾವು ಜಪದಲ್ಲಿ ದಿನಾ ಬೇಡುತ್ತೇವೆ. ಅದು ಹೀಗೆ ಬಾಗಿಲಿಗೇ ಬಂದು ನಿಂತಾಗ, ಇದು ನಿನ್ನದಲ್ಲ ಎಂದು ಹೇಳುವ ದನಿಯೂ ದೇವರದೇ ಇರಬಹುದು ಎಂದು ಅರವತ್ತೆಂಟು ವರ್ಷ ಜಪ ಮಾಡಿದ ನನಗೆ ಆ ಬೆಳಿಗ್ಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಾನು ಕಿವಿಗೊಡುತ್ತಿರಲಿಲ್ಲ.

ಲೂರ್ದಮ್ಮ ಕೈ ಚಾಚಿದಳು. "ಕೊಡಿ ಅಣ್ಣಾ."

ಹಲಗೆಯನ್ನು ಅವಳ ಕೈಗಿಟ್ಟೆ. ದೋಣಿ ಹತ್ತಿರವಿತ್ತು, ಹತ್ತೇ ಹೆಜ್ಜೆ. ಅವಳು ಆ ಕಡೆ ಹೋಗಲಿಲ್ಲ. ಹಗ್ಗ ಹಿಡಿದು ನಿಂತವರ ಸಾಲಿನುದ್ದಕ್ಕೂ ನಡೆದಳು. ಯಾರ ಮುಖವನ್ನೂ ನೋಡಲಿಲ್ಲ. ಮಗಳ ಮುಂದೆ ಬಂದಾಗ ಮಾತ್ರ ಒಂದು ಗಳಿಗೆ ಕಾಲು ನಿಂತಿತು.

"ಅಮ್ಮಾ" ಅಂದಳು ನಿರೋಜಿನಿ. "ಇವತ್ತು ಒಲೆ?"

"ಗೊತ್ತಿಲ್ಲ ಮಗಳೇ" ಅಂದಳು ಲೂರ್ದಮ್ಮ.

ಅವಳು ಮುಂದೆ ಹೋದಳು. ನಿರೋಜಿನಿ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. ಎಲ್ಲರಿಗಿಂತ ಮೊದಲು ಹಗ್ಗ ಬಿಟ್ಟವಳು ಅವಳೇ. ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಎಮಿಲಿಯಾನ್ ಮಾತ್ರ ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದ.

ಸೂಸೈಪಿಳ್ಳೆ ಕಾಲಿನಿಂದ ಕೈ ತೆಗೆದು ತಲೆಯೆತ್ತಿದ. ಲೂರ್ದಮ್ಮ ಬಗ್ಗಿ, ಹಲಗೆಯನ್ನು ಸೆರಗಿನಿಂದ ಒಂದು ಸಲ ಒರೆಸಿದಳು. ಅದರ ಮೇಲಿನ ಮರಳು ಹೋದದ್ದನ್ನು ನೋಡಿಕೊಂಡು, ಅವನ ಅಂಗೈಯಲ್ಲಿಟ್ಟಳು.

"ಹಬ್ಬದ ದಿನದ್ದು ಸಮ್ಮಾಟಿಯವರೇ" ಅಂದಳು. "ಗಾಳಿ ಇತ್ತು, ತಡವಾಯ್ತು."